ಕಚ್ಚಿಕೊಂಡ ಸೀಟಿನ ಕಂಬ

ಹಳೆಯ ಸೈಕಲ್ಲನ್ನು ಕೊಳ್ಳುವ ಗೃಹಸ್ಥರು ಗಾಲಿಯನ್ನು ತಿರುಗಿಸಿ ನೋಡುವರು, ಗಂಟೆಯನ್ನು ಬಾರಿಸಿ ನೋಡುವರು. ಸೀಟನ್ನು ಹೊತ್ತ ಕಂಬವು ಮೇಲೇಳುವದೋ ಇಲ್ಲವೋ ಎಂಬುದನ್ನು ಪರೀಕ್ಷಿಸುವವರು ವಿರಳ. ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಮುಗದದಂಥ ಬತ್ತದ ಸೀಮೆಯಲ್ಲಿ ಇದನ್ನೇ ಮೊದಲು ನೋಡತಕ್ಕದ್ದು. 2006-07ರಲ್ಲಿ ಆರಂಭವಾದ ಸರಕಾರದ ಯೋಜನೆಯಿಂದ 8ನೆಯ ಇಯತ್ತೆಯ ಮಕ್ಕಳಿಗೆ ದೊರೆತ ಸೈಕಲ್ಲುಗಳೆಷ್ಟೋ ಅಕ್ಕನಿಂದ ತಂಗಿಗೆ, ಮನೆಯಿಂದ ಮನೆಗೆ ಸಾಗಿರುವವು. ಹುಡುಗಿಯು ಬೆಳೆಯುವಳು, ಸೀಟು ಮಾತ್ರ ಏರದು. ಮೊಣಕಾಲು ಮಡಚಿಕೊಂಡೇ ತುಳಿದು ನೋವು ಬಂದ ಮೇಲೆ ಸೈಕಲ್ಲು ಗೋಡೆಗೆ ಒರಗುವದು. ಶಾಲೆಯು ದೂರವಿದ್ದರೆ ಶಾಲೆಗೂ ಸಂಚಕಾರವೇ.

ಕಾರಣವು ಸುಲಭವಾಗಿ ತಿಳಿಯತಕ್ಕದ್ದು. ಮಳೆಯ ನೀರು ಕೊಳವೆಯ ಹಿಂಬದಿಯ ಸೀಳಿನಿಂದ ಒಳಗಿಳಿಯುವದು. ಕಬ್ಬಿಣದ ಜಂಗು ತಾನು ತಿಂದ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವದರಿಂದ, ಕಂಬಕ್ಕೂ ಕೊಳವೆಗೂ ನಡುವಣ ಕೂದಲೆಳೆಯಷ್ಟು ಸಂದಿನಲ್ಲಿ ಅದು ಉಬ್ಬಿ ಬೆಣೆಯಂತೆ ಕೂಡ್ರುವದು.

ಹೀಗಿರುವಾಗ ಸುತ್ತಿಗೆಯನ್ನೆತ್ತುವದು ಅವಿವೇಕ. ಪಕ್ಕದ ಪೆಟ್ಟಿಗೆ ಕೊಳವೆಯೇ ಬಾಗೀತು. ಕಂಬಕ್ಕೆ ಅಲ್ಪ ಕ್ರಯ, ಕೊಳವೆ ಕೆಟ್ಟರೆ ಸೈಕಲ್ಲೇ ಹೋಯಿತು. ಮೊದಲು ಬಿಗಿಯುವ ಬೋಲ್ಟನ್ನು ಪೂರ್ಣವಾಗಿ ತೆಗೆಯಬೇಕು. ಚಿಮಣಿ ಎಣ್ಣೆ, ಹೊಲಿಗೆಯಂತ್ರದ ಎಣ್ಣೆ ಇವೆರಡನ್ನು ಸಮಭಾಗ ಬೆರೆಸಿ, ಕಂಬದ ಬುಡದ ಸುತ್ತಲೂ ಸೀಳಿನೊಳಗೂ ಹನಿಹನಿಯಾಗಿ ಬಿಡಬೇಕು. ಬೆಳಗು ಬೈಗು, ಮೂರು ನಾಲ್ಕು ದಿನ. ಸಂಸ್ಕೃತದಲ್ಲಿ ಎಣ್ಣೆಗೂ ಮಮತೆಗೂ ಸ್ನೇಹವೆಂಬ ಒಂದೇ ಶಬ್ದವಿರುವದಷ್ಟೆ. ಎರಡಕ್ಕೂ ಅವಸರವು ಒಗ್ಗದು.

ತರುವಾಯ ಮೇಲಕ್ಕೆ ಎಳೆಯದೆ ತಿರುಗಿಸಬೇಕು. ಒಬ್ಬರು ಸೈಕಲ್ಲನ್ನು ಭದ್ರವಾಗಿ ಹಿಡಿದಿರಲು, ಇನ್ನೊಬ್ಬರು ಸೀಟನ್ನೇ ಹಿಡಿಕೆಯಾಗಿ ಮಾಡಿಕೊಂಡು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತುತ್ತಿರಬೇಕು. ಎಳ್ಳಷ್ಟು ಅಲುಗಿದರೂ ಅರ್ಧ ಕೆಲಸವಾದಂತೆ. ಮತ್ತೆ ಎಣ್ಣೆ, ಮತ್ತೆ ತಿರುಗಿಸುವದು. ಆಗಲೂ ಅಲುಗದಿದ್ದರೆ ಹೊರಗಿನ ಕೊಳವೆಯ ಮೇಲೆ ಕುದಿಯುವ ನೀರನ್ನು ಸುರಿದು, ಅದು ಹಿಗ್ಗಿರುವಾಗಲೇ ತಿರುಗಿಸತಕ್ಕದ್ದು. ದೀಪವನ್ನಾಗಲಿ ಸ್ಟೋವನ್ನಾಗಲಿ ಹತ್ತಿರ ತರಲೇಬಾರದು. ಎಣ್ಣೆ ನೆನೆದ ವಸ್ತುವಿಗೆ ಬೆಂಕಿಯು ಒಡನೆ ಹತ್ತುವದು. ಇಷ್ಟಕ್ಕೂ ಬಗ್ಗದಿದ್ದರೆ ರಿಪೇರಿಯವನ ಕೈಗೊಪ್ಪಿಸುವದೇ ಲೇಸು. ಅವನು ಕಂಬವನ್ನು ಮೇಲೆ ಕತ್ತರಿಸಿ, ಉಳಿದ ತುಂಡನ್ನು ಒಳಗಿನಿಂದ ಗರಗಸದ ಅಲಗಿನಿಂದ ಉದ್ದಕ್ಕೆ ಸೀಳಿ ತೆಗೆಯುವನು.

ಹೊರಬಂದ ಕಂಬವನ್ನು ಉಸುಕಿನ ಕಾಗದದಿಂದ ತಿಕ್ಕಿ, ಕೊಳವೆಯ ಒಳಗನ್ನು ಕೋಲಿಗೆ ಸುತ್ತಿದ ಅರಿವೆಯಿಂದ ಒರೆಸಿ, ತೆಳ್ಳಗೆ ಗ್ರೀಸು ಸವರಿ ಕೂಡಿಸಬೇಕು. ಹುಡುಗಿಯ ಅಳತೆಗೆ ಸೀಟನ್ನು ಏರಿಸುವಾಗ ಕಂಬದ ಮೂರು ಅಂಗುಲವಾದರೂ ಒಳಗಿರಲಿ. ಮಳೆಗಾಲ ಹಿಂದಾದೊಡನೆ, ದೀಪಾವಳಿಯ ಸುಮಾರಿಗೆ, ಮತ್ತೊಮ್ಮೆ ತೆಗೆದು ಒರೆಸಿ ಗ್ರೀಸು ಹಚ್ಚತಕ್ಕದ್ದು.