ನಿದ್ರೆಗೆಟ್ಟ ವಿದ್ಯೆ

ಬೆಳಗಿನ ಮೊದಲ ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ಅಧ್ಯಾಪಕರಾದ ನಾವು ಸೋಮಾರಿಯೆಂದು ಗದರಿಸುತ್ತೇವೆ. ಮನೆಯ ಹಿರಿಯರ ತೀರ್ಪೂ ಅದೇ. ಈ ತೀರ್ಪು ನ್ಯಾಯವಾದುದಲ್ಲವೆಂಬುದು ನಮ್ಮ ಅಭಿಪ್ರಾಯ.

1729ರಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಡಿ ಮೈರಾನನು ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿರಿಸಿ ನೋಡಿದನು. ಬಿಸಿಲು ಸೋಕದಿದ್ದರೂ ಅದರ ಎಲೆಗಳು ಹಗಲಿಗೆ ಅರಳಿ, ಇರುಳಿಗೆ ಮುದುಡುತ್ತಿದ್ದವು. ಜೀವಿಯೊಳಗೇ ಒಂದು ಗಡಿಯಾರವಿದೆಯೆಂಬುದಕ್ಕೆ ಇದು ಸುಳಿವಾಯಿತು. ಹಣ್ಣಿನ ನೊಣದಲ್ಲಿ ಆ ಗಡಿಯಾರದ ಕೀಲುಗಳನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಪಾರಿತೋಷಕ ಸಂದಿತು. ಮನುಷ್ಯನಲ್ಲಿ ಇದರ ಮುಖ್ಯ ನೆಲೆ ಮಿದುಳಿನ ಬುಡ. ಕತ್ತಲಾದ ಮೇಲೆ ಅದರ ಅಪ್ಪಣೆಯಂತೆ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ದೇಹವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ಹರೆಯದಲ್ಲಿ ಈ ಗಡಿಯಾರವು ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ಹದಿನಾರರ ಹುಡುಗನಿಗೆ ಒಂಬತ್ತಕ್ಕೆ ನಿದ್ರೆ ಬಾರದಿದ್ದರೆ ಅದು ಹಟವಲ್ಲ.

ಆದರೆ ಅವನಿಗೆ ಬೇಕಾದ ನಿದ್ರೆಯೇನೂ ಕಡಮೆಯಾಗುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ಸಾರಿತು. ನಮ್ಮ ಪರೀಕ್ಷಾರ್ಥಿಯಾದರೋ ಹನ್ನೊಂದೂವರೆಗೆ ಮಲಗಿ, ಬ್ರಾಹ್ಮೀ ಮುಹೂರ್ತದ ಓದೇ ತಲೆಗೆ ಹತ್ತುವುದೆಂಬ ಮಾತನ್ನು ನಂಬಿ ನಾಲ್ಕೂವರೆಗೆ ಏಳುತ್ತಾನೆ. ಎಣ್ಣೆಯ ದೀಪವನ್ನಾರಿಸಿ ಎಂಟಕ್ಕೆ ಮಲಗುತ್ತಿದ್ದವರಿಗೆ ಆ ಮಾತು ಸರಿ. ಇವನಿಗೆ ಅದು ದಿನಕ್ಕೆ ಮೂರು ಗಂಟೆಯ ಸಾಲ. ಆರು ದಿನಕ್ಕೆ ಹದಿನೆಂಟು. ಭಾನುವಾರ ನಡುಹಗಲವರೆಗೆ ಮಲಗಿದರೆ ಈ ಸಾಲ ತೀರದು; ಗಡಿಯಾರ ಮಾತ್ರ ಮತ್ತಷ್ಟು ಹಿಂದೆ ಸರಿಯುವುದು. ಓದಿದ್ದು ನೆನಪಿನಲ್ಲಿ ಗಟ್ಟಿಗೊಳ್ಳುವುದಕ್ಕೂ ನಿದ್ರೆ ಬೇಕು. ಅದನ್ನು ಕೆಡಿಸಿಕೊಂಡು ಓದುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಈ ಗಡಿಯಾರವನ್ನು ತಿದ್ದುವ ಕೀಲಿಕೈ ಬೆಳಕು. 480 ನ್ಯಾನೊಮೀಟರಿನ ಆಸುಪಾಸಿನ ನೀಲಿ ಬೆಳಕು ಕಣ್ಣಿಗೆ ಬಿದ್ದರೆ, ಅಲ್ಲಿನ ಕೆಲವು ಜೀವಕೋಶಗಳು ಇನ್ನೂ ಹಗಲಿದೆಯೆಂದು ಮಿದುಳಿಗೆ ವರದಿ ಕಳುಹಿಸುತ್ತವೆ. ಮುಂಜಾನೆಯ ಬೆಳಕು ಗಡಿಯಾರವನ್ನು ಮುಂದಕ್ಕೂ, ರಾತ್ರಿಯ ಬೆಳಕು ಹಿಂದಕ್ಕೂ ತಳ್ಳುತ್ತದೆ. ಆದುದರಿಂದ, ವಿದ್ಯಾರ್ಥಿಮಿತ್ರರೇ, ಬೆಳಗ್ಗೆ ಅರ್ಧ ಗಂಟೆ ಬಯಲಿನಲ್ಲಿ ತಿರುಗಾಡಿರಿ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮೊಬೈಲನ್ನು ಬೇರೆ ಕೋಣೆಯಲ್ಲಿರಿಸಿರಿ. ಸಂಜೆಯ ಮೇಲೆ ಕಾಫಿ ಬೇಡ. ಏಳುವ ಹೊತ್ತು ರಜೆಯಲ್ಲಿಯೂ ಒಂದು ಗಂಟೆಗಿಂತ ಹೆಚ್ಚು ತಪ್ಪದಿರಲಿ.

ಇಷ್ಟು ನಿಮ್ಮ ಪಾಲಿನ ಕೆಲಸ. ನಮ್ಮ ಪಾಲಿನದೂ ಒಂದಿದೆ. ಕ್ಯಾಲಿಫೋರ್ನಿಯದಲ್ಲಿ 2019ರಲ್ಲಿ ಅಂಗೀಕಾರವಾಗಿ 2022ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಅಲ್ಲಿನ ಬಹುತೇಕ ಪ್ರೌಢಶಾಲೆಗಳು ಎಂಟೂವರೆಗೆ ಮೊದಲು ಆರಂಭವಾಗುವಂತಿಲ್ಲ. ನಾವಾದರೋ ಏಳು ಗಂಟೆಗೇ ವಿಶೇಷ ತರಗತಿ ನಡೆಸಿ, ಹಾಜರಿ ತುಂಬಿತೆಂದು ತೃಪ್ತರಾಗುತ್ತೇವೆ. ಬೆಂಚಿನ ಮೇಲೆ ಹುಡುಗರಿರುತ್ತಾರೆ, ನಿಜ. ಅವರ ಮಿದುಳು ಇನ್ನೂ ಹಾಸಿಗೆಯಲ್ಲಿರುತ್ತದೆ. ಆ ತರಗತಿಯನ್ನು ಸಂಜೆಗೆ ವರ್ಗಾಯಿಸುವುದು ಉಚಿತ. ಅಲ್ಲಿಯವರೆಗೆ, ತೂಕಡಿಸುವವನನ್ನು ಗದರಿಸುವ ಹಕ್ಕು ನಮಗಿಲ್ಲ.