ಹಠ ಅಲ್ಲ ಕಣ್ರೀ, ಮಾತು

ಮಡಿಕೇರಿ ಮಳೆ ನಮಗೆ ವೀಕೆಂಡ್ ರೀಲ್ಸು. ಶೀಟಿನ ಮನೆಯಲ್ಲಿರೋ ಆಟಿಸಂ ಮಗುವಿಗೆ ಅದೇ ಸದ್ದು ಹಿಂಸೆಯಾಗಬಹುದು. ಕಾಫಿತೋಟದಲ್ಲಿ ಆನೆ ಓಡಿಸೋ ಪಟಾಕಿ, ಪುತ್ತರಿಯ ಗುಂಡು ಇನ್ನೂ ಜೋರು. ಮಗು ತಲೆ ಚಚ್ಚಿಕೊಂಡರೆ, ಕಚ್ಚಿದರೆ ನಾವು ‘ಹಠ, ಡೋಸ್ ಏರಿಸಿ’ ಅಂತೀವಿ!

ರಿಸ್ಪೆರಿಡೋನ್‌ಗೆ 2006ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು ಆಟಿಸಂ ಮಕ್ಕಳ ಸಿಡುಕು, ಆಕ್ರಮಣ ತಗ್ಗಿಸೋಕೆ. ಹಲ್ಲುನೋವು, ಕಿವಿನೋವು, ಮಲಬದ್ಧತೆಗೆ ಅದು ಮದ್ದಲ್ಲ. ಮಗು ಮಂಕಾಗಿ ಕೂತಿತು ಅಂದರೆ ನೋವು ಹೋಯ್ತು ಅಂತಲ್ಲ.

ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಆದರೆ ‘ಎಷ್ಟು ಮಿಲಿಗ್ರಾಂ?’ ಅನ್ನೋ ಮೊದಲು ‘ಯಾಕೆ?’ ಅಂತ ಡಾಕ್ಟರನ್ನು ಕೇಳಿ. ಯಾವಾಗ ಶುರುವಾಯ್ತು, ಅದಕ್ಕೂ ಮುಂಚೆ ಏನಾಯ್ತು, ಬರೆದುಕೊಂಡು ಹೋಗಿ. ಮಾತು ಬಾರದ ಮಗುವಿನ ಪರವಾಗಿ ಅಷ್ಟಾದರೂ ಮಾತಾಡಿ.