ಸದ್ದು ಬರತ್ತೆ, ಮಾತು ಬರಲ್ಲ

ಕಳೆದ ಯುಗಾದಿ ಹೊತ್ತಿಗೆ ನಮ್ಮ ಮನೆಯ ಹಳೇ ರೇಡಿಯೊ ಕೊನೆಗೂ ಬಾಯಿ ಮುಚ್ಚಿತು. ಮಾವ ಇದ್ದಾಗ ತಂದಿದ್ದು. ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು ನೋಡಿ, "ಇದರ ಪಾರ್ಟು ಈಗ ಸಿಗಲ್ಲ ಮೇಡಂ, ನೆನಪಿಗೆ ಇಟ್ಕೊಳ್ಳಿ" ಅಂತ ವಾಪಸ್ ಕೊಟ್ಟರು. ನೆನಪಿಗೆ ಇಟ್ಟುಕೊಳ್ಳೋಣ, ಆದರೆ ಬೆಳಗ್ಗೆ ಎದ್ದ ಕೂಡಲೇ ಅತ್ತೆಗೆ ಆಕಾಶವಾಣಿ ಬೇಕಲ್ಲ?

ನಾವು ಮೈಸೂರಿನವರು. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಅಂತ ಹೆಸರಿದ್ದದ್ದು ಈ ಊರಲ್ಲೇ. ಆ ಹೆಮ್ಮೆ ಅತ್ತೆಗೆ ಇವತ್ತಿಗೂ ಇದೆ. ಚಿಂತನ, ವಾರ್ತೆ, ಭಕ್ತಿಗೀತೆ ಇಷ್ಟು ಕಿವಿಗೆ ಬೀಳದೆ ಅವರ ಕಾಫಿ ಇಳಿಯೋದಿಲ್ಲ.

ಹಾಗಾಗಿ ಒಂದು ವೈರ್‌ಲೆಸ್ ಸ್ಪೀಕರ್ ತರೋಣ ಅಂತ ತೀರ್ಮಾನವಾಯಿತು. ಮೊಬೈಲಿನಲ್ಲೇ ಆಕಾಶವಾಣಿ ಬರುತ್ತೆ, ಅದನ್ನ ಸ್ಪೀಕರಿಗೆ ಕೊಟ್ಟರಾಯ್ತು, ಮಗನ ಹಾಡಿಗೂ ಆಗುತ್ತೆ, ಹಬ್ಬಕ್ಕೂ ಆಗುತ್ತೆ. ನಾನೂ ನಮ್ಮವರೂ ಅಂಗಡಿಗೆ ಹೋದೆವು. ಅಲ್ಲಿ ಬಣ್ಣದ ದೀಪ ಮಿನುಗುವ ಒಂದು ದೊಡ್ಡ ಡಬ್ಬಿ ಇತ್ತು. ಹುಡುಗ ಜೋರಾಗಿ ಒಂದು ಹಾಡು ಹಾಕಿದ. ನೆಲ ನಡುಗಿತು, ಎದೆಯೂ ನಡುಗಿತು. "ಬೇಸ್ ನೋಡಿ ಸಾರ್!" ಅಂದ. ಬಾಕ್ಸಿನ ಮೇಲೆ ವ್ಯಾಟ್ ಸಂಖ್ಯೆ ದಪ್ಪಕ್ಷರದಲ್ಲಿತ್ತು. ತಂದೇಬಿಟ್ಟೆವು.

ಮರುದಿನ ಬೆಳಗ್ಗೆ ಹಾಕಿ ಕೊಟ್ಟೆ. ಅತ್ತೆ ಸೊಪ್ಪು ಬಿಡಿಸುತ್ತಾ ಐದು ನಿಮಿಷ ಕೇಳಿದರು. ಆಮೇಲೆ, "ಜೋರಾಗಿದೆ ಕಣಮ್ಮ. ಆದ್ರೆ ಸದ್ದು ಬರತ್ತೆ, ಮಾತು ಬರಲ್ಲ" ಅಂದರು. ಇನ್ನೂ ಜೋರು ಮಾಡಿದೆ. "ಈಗ ಸದ್ದು ಜಾಸ್ತಿ ಆಯ್ತು, ಮಾತು ಇನ್ನೂ ಹೋಯ್ತು" ಅಂದರು.

ಹೊಸ ವಸ್ತು ಅಂದ್ರೆ ವಯಸ್ಸಾದವರಿಗೆ ಒಗ್ಗಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ತಪ್ಪು ನನ್ನದೇ. ಆ ಒಂದು ಮಾತಿನಲ್ಲಿ ಅವರು ಎರಡು ವಿಷಯ ಹೇಳಿದ್ದರು. ಒಂದು ಸ್ಪೀಕರಿನದು, ಇನ್ನೊಂದು ತಮ್ಮ ಕಿವಿಯದು. ಎರಡೂ ನನಗೆ ಗೊತ್ತಾಗೋಕೆ ತಿಂಗಳು ಬೇಕಾಯಿತು.

ಮಾತು ಎಲ್ಲಿ ಕಳೆದುಹೋಗುತ್ತೆ?

ನಮ್ಮ ಮಾತಿನಲ್ಲಿ ಆ, ಈ, ಊ ಥರದ ಸ್ವರಗಳಿಗೆ ಬಲ ಜಾಸ್ತಿ. ಸ, ಶ, ತ, ಕ, ಪ ಥರದ ವ್ಯಂಜನಗಳು ತೆಳು. ಅವುಗಳನ್ನ ಗುರುತು ಹಿಡಿಯೋಕೆ ಕಿವಿಗೆ ಮೇಲಿನ ಕಂಪನಾಂಕದ, ಅಂದರೆ ಕೀರಲು ದನಿಯ ಭಾಗ ಚೆನ್ನಾಗಿ ಕೇಳಿಸಬೇಕು. ವಯಸ್ಸಾಗುತ್ತಾ ಬಂದ ಹಾಗೆ ಮೊದಲು ಮಸುಕಾಗುವುದು ಸಾಮಾನ್ಯವಾಗಿ ಅದೇ ಭಾಗ. 'ಕಾಲು', 'ಸಾಲು', 'ಪಾಲು' ಮೂರೂ ಒಂದೇ ಥರ ಕೇಳುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ.

ಇದರ ಜೊತೆಗೆ ಬೇಸ್ ಹೆಚ್ಚಿರುವ ಸ್ಪೀಕರ್ ಸೇರಿದರೆ ಕೇಳಬೇಕೇ? ಕೆಳಗಿನ ಆ ಗುಂಯ್ ಅನ್ನೋ ಸದ್ದು, ಉಳಿದಿದ್ದ ವ್ಯಂಜನಗಳನ್ನೂ ಮುಚ್ಚಿಹಾಕುತ್ತೆ. ವಾಲ್ಯೂಮ್ ಏರಿಸಿದರೆ ಗುಂಯ್ ಕೂಡ ಏರುತ್ತೆ. ಅತ್ತೆ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಇಷ್ಟು ಹೊತ್ತಿಗೆ ನನಗೆ ಹಿಂದಿನದೆಲ್ಲ ನೆನಪಾಗತೊಡಗಿತು. ಊಟಕ್ಕೆ ಕೂತಾಗ ಎಲ್ಲರೂ ನಕ್ಕ ಮೇಲೆ ಅತ್ತೆ ಒಂದು ಕ್ಷಣ ತಡವಾಗಿ ನಗುತ್ತಿದ್ದರು. ಫೋನ್ ಬಂದರೆ "ನೀನೇ ಮಾತಾಡು" ಅಂತ ನನ್ನ ಕೈಗೆ ಕೊಡುತ್ತಿದ್ದರು. ಮದುವೆಮನೆಗೆ ಕರೆದರೆ ಮಂಡಿನೋವು ಅನ್ನುತ್ತಿದ್ದರು. ಮಾವ ಹೋದ ಮೇಲೆ ಮಂಕಾಗಿದ್ದಾರೆ, ವಯಸ್ಸಿನ ಸಿಡುಕು ಅಂತ ನಾವೇ ಅರ್ಥ ಕಟ್ಟಿಕೊಂಡಿದ್ದೆವು.

ಒಂದು ಸಂಜೆ ನೇರವಾಗಿ ಕೇಳಿದೆ. "ಅತ್ತೆ, ನಾವು ಮಾತಾಡೋದು ನಿಮಗೆ ಸರಿಯಾಗಿ ಕೇಳಿಸುತ್ತಾ?" ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಷ್ಟು ಸಲ ಅಂತ 'ಏನು, ಏನು' ಅಂತ ಕೇಳೋದು? ನಿಮಗೂ ಬೇಜಾರು, ನನಗೂ ನಾಚಿಕೆ" ಅಂದರು.

ನಮ್ಮೂರಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಎಷ್ಟೋ ವರ್ಷ ಅದರ ಮುಂದೆ ಓಡಾಡಿದ್ದೇವೆ, ಒಳಗೆ ಹೋಗಬೇಕು ಅಂತ ಅನ್ನಿಸಿರಲಿಲ್ಲ. ಕರೆದುಕೊಂಡು ಹೋದೆವು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ದನಿ ಕೇಳಿಸಿ, ಕೇಳಿದಾಗ ಸನ್ನೆ ಮಾಡಿ ಅಂತಾರೆ. ಸೂಜಿ ಇಲ್ಲ, ನೋವಿಲ್ಲ. ಗ್ರಾಫ್ ಕೈಗೆ ಬಂತು. ಎಡಗಡೆ ಚೆನ್ನಾಗಿದ್ದ ಗೆರೆ ಬಲಕ್ಕೆ ಹೋಗುತ್ತಾ ಇಳಿಜಾರಿನಂತೆ ಕೆಳಗಿಳಿದಿತ್ತು. ಕಳೆದುಹೋಗಿದ್ದ ಸ, ಶ, ತ ಎಲ್ಲ ಆ ಇಳಿಜಾರಿನಲ್ಲೇ ಇದ್ದವು. ಶ್ರವಣಯಂತ್ರ ಹಾಕಿಕೊಳ್ಳಿ ಅಂದರು. "ಜನ ಏನಂತಾರೆ" ಅಂತ ಅತ್ತೆ ಎರಡು ತಿಂಗಳು ತಳ್ಳಿ, ಕೊನೆಗೆ ಒಪ್ಪಿಕೊಂಡರು. ಈಗ ಹಾಕಿಕೊಳ್ಳುತ್ತಾರೆ. ಆದರೆ ಬೆಳಗ್ಗೆ ಸ್ನಾನ, ಪೂಜೆ ಮುಗಿಯೋವರೆಗೂ ಅದು ಡಬ್ಬಿಯಲ್ಲೇ ಇರುತ್ತೆ. ಅವರ ರೇಡಿಯೊ ಹೊತ್ತೂ ಅದೇ. ಹಾಗಾಗಿ ಸರಿಯಾದ ಸ್ಪೀಕರ್ ಹುಡುಕುವ ಕೆಲಸ ಬಾಕಿಯೇ ಉಳಿಯಿತು. ಈ ಸಲ ಕಣ್ಣು ಬಿಟ್ಟುಕೊಂಡು ಹುಡುಕಿದೆವು. ಕಲಿತದ್ದನ್ನ ಹೇಳುತ್ತೇನೆ.

ಬ್ಲೂಟೂತೋ, ವೈಫೈಯೋ?

ಬ್ಲೂಟೂತ್ ಸ್ಪೀಕರಿಗೆ ಹಾಡು ಹೋಗುವುದು ಫೋನಿನಿಂದ. ಫೋನ್ ಹತ್ತಿರದಲ್ಲೇ ಇರಬೇಕು. ಮನೆಯ ಸಾಧನಗಳಲ್ಲಿ ಸುಮಾರು 10 ಮೀಟರ್ ಅಂತಾರೆ, ನಡುವೆ ಇಟ್ಟಿಗೆ ಗೋಡೆ ಬಂದರೆ ಅದೂ ಕಡಿಮೆ. ನಮ್ಮನೆಯಲ್ಲಿ ಆಗಿದ್ದು ಇದು: ನಮ್ಮವರ ಫೋನಿನಿಂದ ರೇಡಿಯೊ ಹಾಕಿರುತ್ತಿದ್ದೆವು. ಅವರು ಫೋನ್ ಜೇಬಿಗಿಟ್ಟು ಸ್ಕೂಟರ್ ಹತ್ತಿದರೆ, ವಾರ್ತೆಯೂ ಅವರ ಹಿಂದೆಯೇ ಗೇಟು ದಾಟಿ ಹೋಗುತ್ತಿತ್ತು! ಯಾರಾದರೂ ಫೋನ್ ಮಾಡಿದರೂ ಅಷ್ಟೇ, ಹಾಡು ಅರ್ಧಕ್ಕೇ ನಿಲ್ಲುತ್ತೆ.

ವೈಫೈ ಸ್ಪೀಕರ್ ತಾನೇ ಇಂಟರ್ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತೆ. ಫೋನ್ ಬರೀ ರಿಮೋಟ್ ಇದ್ದ ಹಾಗೆ, ಮನೆಯಲ್ಲಿ ಇರಲೇಬೇಕು ಅಂತಿಲ್ಲ. ಎರಡು ಮೂರು ಕೋಣೆಗೆ ಒಂದೇ ಹಾಡು ಬೇಕು ಅನ್ನುವವರಿಗೂ ಇದೇ ಅನುಕೂಲ. ಆದರೆ ಬೆಲೆ ಸಾಮಾನ್ಯವಾಗಿ ಹೆಚ್ಚು. ಕರೆಂಟ್ ಹೋಗಿ ರೂಟರ್ ಆಫ್ ಆದರೆ ಅದೂ ಮೌನ. ಯುಪಿಎಸ್ ಇಲ್ಲದ ಮನೆಯವರು ಇದನ್ನ ಯೋಚಿಸಬೇಕು.

ಮಾತಿನಲ್ಲೇ ಆಜ್ಞೆ ಕೊಡುವ ಸ್ಮಾರ್ಟ್ ಸ್ಪೀಕರನ್ನ ನಾದಿನಿ ಮನೆಯಲ್ಲಿ ಪ್ರಯೋಗ ಮಾಡಿದೆವು. ಅತ್ತೆಯ ಮೈಸೂರು ಕನ್ನಡ ಅದಕ್ಕೆ ತಿಳಿಯಲಿಲ್ಲ, ಅದರ ಇಂಗ್ಲಿಷು ಅತ್ತೆಗೆ ಹಿಡಿಸಲಿಲ್ಲ. ಅದರ ಮೈಕು ನಮ್ಮ ಕರೆಗಾಗಿ ಸದಾ ಕಿವಿ ತೆರೆದಿರುತ್ತೆ ಅನ್ನೋದೂ ನೆನಪಿರಲಿ. ಬೇಡದ ಹೊತ್ತಿನಲ್ಲಿ ಮೈಕ್ ಆಫ್ ಮಾಡುವ ಬಟನ್ ಇರುತ್ತೆ, ಬಳಸಿ.

ವ್ಯಾಟ್ ನೋಡಿ ಮೋಸ ಹೋಗಬೇಡಿ

10 ವ್ಯಾಟಿಗಿಂತ 20 ವ್ಯಾಟ್ ಎರಡು ಪಟ್ಟು ಜೋರು ಅಂತ ನಾನೂ ನಂಬಿದ್ದೆ. ಹಾಗಲ್ಲ. ಅದೇ ಸ್ಪೀಕರಿಗೆ ವ್ಯಾಟ್ ಎರಡರಷ್ಟಾದರೆ ಏರುವುದು 3 ಡೆಸಿಬಲ್, ಕಿವಿಗೆ ಗೊತ್ತಾಗುವುದು ಸ್ವಲ್ಪವೇ. ನಮ್ಮ ಕಿವಿಗೆ 'ಎರಡು ಪಟ್ಟು ಜೋರು' ಅನ್ನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ಬಾಕ್ಸಿನ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನ ಮರೆತುಬಿಡಿ, ಆರ್‌ಎಂಎಸ್ ಎಷ್ಟು ಅಂತ ಕೇಳಿ. ಅಡುಗೆಮನೆಗೋ ಮಲಗುವ ಕೋಣೆಗೋ ಮಾತು ಕೇಳುವುದಕ್ಕೆ 5ರಿಂದ 10 ವ್ಯಾಟ್ ಧಾರಾಳ.

ವ್ಯಾಟಿಗಿಂತ ಮುಖ್ಯವಾದದ್ದು ದೂರ. ಸ್ಪೀಕರಿನಿಂದ ನಾವು ಎರಡರಷ್ಟು ದೂರ ಹೋದರೆ, ನೇರವಾಗಿ ಬರುವ ದನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತೆ. ಹಾಲಿನಲ್ಲಿ ದೊಡ್ಡದು ಇಟ್ಟು ಅಡುಗೆಮನೆಯಿಂದ ಕೇಳುವುದಕ್ಕಿಂತ, ಕೂರುವವರ ಪಕ್ಕದಲ್ಲಿ ಚಿಕ್ಕದು ಇಡುವುದು ಮೇಲು. ಮನೆಯವರ ಕಿವಿಗೂ ಶಾಂತಿ, ಪಕ್ಕದ ಮನೆಗೂ ಶಾಂತಿ.

ಇಡುವ ಜಾಗವನ್ನೂ ನೋಡಿ. ಗೋಡೆ ಮೂಲೆಗೆ ಒತ್ತಿಟ್ಟರೆ ಬೇಸ್ ಇನ್ನೂ ಊದಿಕೊಳ್ಳುತ್ತೆ. ಸ್ವಲ್ಪ ಮುಂದೆ ಎಳೆದು, ಕೂತವರ ಕಿವಿಯ ಎತ್ತರಕ್ಕೆ, ಅವರ ಕಡೆ ಮುಖ ಮಾಡಿ ಇಡಿ. ಟೈಲ್ಸ್ ನೆಲ, ಬೋಳು ಗೋಡೆ ಇರುವ ಕೋಣೆಯಲ್ಲಿ ದನಿ ತಿರುತಿರುಗಿ ಬಡಿದು ಮಾತು ಕಲಸಿಹೋಗುತ್ತೆ. ದಪ್ಪ ಪರದೆಯೋ ಜಮಖಾನವೋ ಹಾಕಿ ನೋಡಿ, ಖರ್ಚಿಲ್ಲದೆ ಸುಧಾರಿಸುತ್ತೆ.

ಟೀವಿಗೆ ಅಂತಾದರೆ

ಟೀವಿಗೆ ಬ್ಲೂಟೂತ್‌ನಲ್ಲಿ ಜೋಡಿಸಿದರೆ ಕೆಲವು ಸಲ ತುಟಿ ಮೊದಲು ಅಲ್ಲಾಡುತ್ತೆ, ಮಾತು ಆಮೇಲೆ ಬರುತ್ತೆ. ಕಿವಿ ಮಂದವಾದವರು ಅರ್ಧ ಮಾತನ್ನ ತುಟಿ ನೋಡಿಯೇ ಹಿಡಿಯುತ್ತಾರೆ, ಅವರಿಗೆ ಇದು ದೊಡ್ಡ ತೊಂದರೆ. ಟೀವಿಗೆ ಸೌಂಡ್‌ಬಾರ್ ತಂದರೆ ವೈರಿನಲ್ಲೇ ಜೋಡಿಸಿ. ಟೀವಿ ಹಿಂದೆ ಎಚ್‌ಡಿಎಂಐ ಎಆರ್‌ಸಿ ಅಂತ ಬರೆದ ಕಿಂಡಿ ಇದ್ದರೆ ಅದು ಉತ್ತಮ. ಎಷ್ಟೋ ಸೌಂಡ್‌ಬಾರ್‌ಗಳಲ್ಲಿ ಮಾತನ್ನ ಮುಂದಕ್ಕೆ ತರುವ 'ವಾಯ್ಸ್' ಅಥವಾ 'ಡೈಲಾಗ್' ಆಯ್ಕೆ ಇರುತ್ತೆ. ಕೊಳ್ಳುವ ಮೊದಲೇ ಅದನ್ನ ಒತ್ತಿಸಿ ಕೇಳಿ.

ಅಂಗಡಿಯಲ್ಲಿ ನಾವು ಮಾಡಿದ್ದು

ಎರಡನೇ ಸಲ ಅತ್ತೆಯನ್ನೇ ಕರೆದುಕೊಂಡು ಹೋದೆವು. ಹುಡುಗ ಹಾಡು ಹಾಕೋಕೆ ಬಂದ. "ಹಾಡು ಬೇಡಪ್ಪ, ವಾರ್ತೆ ಹಾಕು" ಅಂದರು ಅತ್ತೆ. ಕಡಿಮೆ ವಾಲ್ಯೂಮಿನಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ ಸ್ಟೂಲ್ ಹಾಕಿ ಕೂತು, ಒಂದೊಂದರಲ್ಲೂ ಕೇಳಿದ್ದನ್ನ ವಾಪಸ್ ಹೇಳಿದರು. ಐದನೆಯದರಲ್ಲಿ ಊರಿನ ಹೆಸರು, ಮಂತ್ರಿ ಹೆಸರು ಎರಡೂ ತಪ್ಪಿಲ್ಲದೆ ಬಂತು. ನೋಡೋಕೆ ಇಟ್ಟಿಗೆ ಥರ ಇತ್ತು, ಬೆಲೆ ಮೊದಲನೆಯದರ ಅರ್ಧವೂ ಇರಲಿಲ್ಲ.

ಅದರಲ್ಲಿ ಎಫ್‌ಎಂ ಕೂಡ ಇತ್ತು. ಅದೇ ನಮಗೆ ನಿಜವಾದ ವರ. ಮೈಸೂರು ಆಕಾಶವಾಣಿಯ 100.6 ಒಮ್ಮೆ ಹಿಡಿದಿಟ್ಟರೆ ಮುಗಿಯಿತು. ಫೋನ್ ಬೇಡ, ವೈಫೈ ಬೇಡ, ಯಾರನ್ನೂ ಕರೆಯಬೇಕಾಗಿಲ್ಲ. ಕೆಲವು ಸ್ಪೀಕರುಗಳಲ್ಲಿ ಚಾರ್ಜಿಂಗ್ ವೈರೇ ಆಂಟೆನಾ ಆಗಿರುತ್ತೆ, ಸಿಕ್ಕಿಸದಿದ್ದರೆ ಬರೀ ಗೊರಗೊರ ಅನ್ನುತ್ತೆ. ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಓಡಬೇಡಿ. ಬಟನ್ನುಗಳು ಒತ್ತಿದರೆ ಟಕ್ ಅನ್ನುವಂಥವು ಇರಲಿ. ಸವರುವ ನುಣುಪು ಬಟನ್ನು ಒದ್ದೆ ಕೈಗೂ ಕಾಣದ ಕಣ್ಣಿಗೂ ಆಗಿಬರಲ್ಲ. ನಮ್ಮ ಮಗ ಆನ್ ಬಟನ್ನಿನ ಮೇಲೆ ಅಜ್ಜಿಯ ಕೆಂಪು ಬಿಂದಿ ಅಂಟಿಸಿದ್ದಾನೆ. ಗುರುತಿಗೆ ಅದಕ್ಕಿಂತ ಬೇಕಾ?

ಬ್ಯಾಟರಿ ಇಷ್ಟು ಗಂಟೆ ಅಂತ ಬಾಕ್ಸಿನ ಮೇಲೆ ಬರೆದಿರುವುದು ಮಧ್ಯಮ ವಾಲ್ಯೂಮಿನ ಲೆಕ್ಕ. ಜೋರಾಗಿ ಹಾಕಿದರೆ ಬೇಗ ಮುಗಿಯುತ್ತೆ. ಒಲೆಯ ಪಕ್ಕ, ಬಿಸಿಲಿನ ಕಿಟಕಿಯಲ್ಲಿ ಇಡಬೇಡಿ, ಲಿಥಿಯಂ ಬ್ಯಾಟರಿಗೆ ಶಾಖ ಶತ್ರು. ಬಿಐಎಸ್ ಗುರುತು, ಬಿಲ್ಲು, ಊರಲ್ಲೇ ಸರ್ವಿಸ್ ಇದೆಯಾ ಅನ್ನೋದು, ಈ ಮೂರನ್ನ ದುಡ್ಡು ಕೊಡುವ ಮೊದಲು ನೋಡಿ.

ಮಿನುಗುವ ದೊಡ್ಡ ಡಬ್ಬಿ ಏನಾಯ್ತು ಅಂತೀರಾ? ಮಗನ ಕೋಣೆ ಸೇರಿದೆ. ಮೊನ್ನೆ ಅತ್ತೆ ಬಾಗಿಲಲ್ಲಿ ನಿಂತು, "ಸ್ವಲ್ಪ ಕಮ್ಮಿ ಮಾಡೋ, ನಂಗೇನು ಕಿವಿ ಕೇಳ್ಸಲ್ವಾ?" ಅಂತ ಗದರಿದರು. ಗದರಿದ್ದಕ್ಕೆ ನಾನು ಒಳಗೊಳಗೇ ಖುಷಿಪಟ್ಟೆ. ಎಷ್ಟೋ ತಿಂಗಳಿಂದ ಅವರು ಯಾರನ್ನೂ ಗದರಿರಲಿಲ್ಲ.

ನಿಮ್ಮ ಮನೆಗೂ ಸ್ಪೀಕರ್ ತರುವ ಯೋಚನೆ ಇದ್ದರೆ, ಅದನ್ನ ಹೆಚ್ಚು ಹೊತ್ತು ಕೇಳುವವರು ಯಾರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಮನೆಯ ಹಿರಿಯರು ಟೀವಿ ಸದ್ದು ದಿನೇದಿನೇ ಏರಿಸುತ್ತಿದ್ದರೆ, "ಮಾತು ಗೊತ್ತಾಗಲ್ಲ" ಅನ್ನುತ್ತಿದ್ದರೆ, ಅಂಗಡಿ ಆಮೇಲೆ ಇರಲಿ, ಮೊದಲು ಒಂದು ಸಲ ಕಿವಿ ತೋರಿಸಿಕೊಂಡು ಬನ್ನಿ.